ಸೌದೆಯ ಒಲೆ ಮತ್ತು ಶ್ರಾವಕನ ವಿವೇಕ

ಗೃಹಸ್ಥನ ಮನೆಯಲ್ಲಿ ಅನುದಿನವೂ ಜೀವಹಾನಿಗೆ ಕಾರಣವಾಗುವ ಐದು ಸ್ಥಾನಗಳನ್ನು ಪೂರ್ವಾಚಾರ್ಯರು ಹೆಸರಿಸಿದ್ದಾರೆ: ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ ಮತ್ತು ಪೊರಕೆ. ಇವು ಪಂಚಸೂನಗಳು. ಸೂನಾ ಎಂಬ ಶಬ್ದಕ್ಕೆ ವಧಸ್ಥಾನವೆಂದು ಅರ್ಥ. ಶಬ್ದವು ಕಠೋರವಾಗಿದೆ, ಆದರೆ ಗೃಹಸ್ಥನನ್ನು ಹೆದರಿಸುವುದಕ್ಕಾಗಿ ಅದನ್ನು ಬಳಸಿಲ್ಲ. ಅನ್ನ ಬೇಯದೆ ಸಂಸಾರ ನಡೆಯದು, ಮುನಿಗಳಿಗೆ ಆಹಾರದಾನವೂ ನಡೆಯದು. ಬೇಯಿಸುವಾಗ ಏನು ನಡೆಯುತ್ತಿದೆಯೆಂಬ ಎಚ್ಚರ ಅವನಿಗಿರಲಿ ಎಂಬುದೇ ಆಚಾರ್ಯರ ಆಶಯ. ಆ ಪಟ್ಟಿಯಲ್ಲಿ ಒಲೆಯೆಂದು ಇದೆಯೇ ಹೊರತು ಇಂಥ ಇಂಧನದ ಒಲೆಯೆಂದು ಇಲ್ಲ. ಸೌದೆಯ ಒಲೆಗೆ ವಿನಾಯಿತಿಯಿಲ್ಲ. ಅನಿಲದ ಒಲೆಗೂ ಇಲ್ಲ.

ಈ ಮಾತನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಯನ್ನು ದುರಸ್ತಿ ಮಾಡಿಸುವಾಗ, ಅಥವಾ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿಸುವಾಗ, ಸೌದೆಯ ಒಲೆಯೊಂದನ್ನು ಮರಳಿ ಹಾಕಿಸಬೇಕೆಂಬ ಅಪೇಕ್ಷೆ ಕೆಲವು ಕುಟುಂಬಗಳಲ್ಲಿ ಮೂಡುವುದುಂಟು. ಚಾತುರ್ಮಾಸದಲ್ಲಿ ತ್ಯಾಗಿಗಳ ಆಹಾರಕ್ಕೆ ಕಟ್ಟಿಗೆಯ ಬೆಂಕಿಯೇ ಶುದ್ಧವೆಂಬ ಭಾವನೆ ಒಂದು ಕಾರಣ. ಹಿರಿಯರು ಕಂಡುಂಡ ಅಡುಗೆಯ ನೆನಪು ಇನ್ನೊಂದು. ಸಿಲಿಂಡರಿನ ಬೆಲೆ ಮೂರನೆಯದು. ಮೂರೂ ತಿರಸ್ಕರಿಸತಕ್ಕ ಕಾರಣಗಳಲ್ಲ. ಹಾಗೆಂದು ವಿಚಾರಿಸದೆ ಒಪ್ಪಿಕೊಳ್ಳತಕ್ಕವೂ ಅಲ್ಲ.

ಬಸವನಗುಡಿಯ ಒಂದು ಜೈನ ಗೃಹವನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯ ಶ್ರಾವಿಕೆ ಹಿತ್ತಿಲಿನ ಕಡೆ ಸೌದೆಯ ಒಲೆಯಿರಲೆಂದು ಬಯಸುತ್ತಾರೆ. ಮಗನಿಗೆ ತಾಯಿಯ ಇಷ್ಟ ನಡೆಸಿಕೊಡುವ ಸಂತೋಷ, ಗಾರೆಯವನನ್ನೂ ಗೊತ್ತುಮಾಡಿದ್ದಾಗಿದೆ. ಆಗ ಸೊಸೆ ಮೆಲ್ಲನೆ ಕೇಳುತ್ತಾಳೆ: “ಅತ್ತೆ, ಒಲೆ ಹಾಕಿಸೋಣ. ಅದರ ಮುಂದೆ ಕೂರುವವರು ಯಾರು?” ಈ ಪ್ರಶ್ನೆಯಲ್ಲಿ ಅವಿಧೇಯತೆಯಿಲ್ಲ. ಅಹಿಂಸಾಣುವ್ರತವನ್ನು ಒಪ್ಪಿದ ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಕೊಡುವ ಮೊದಲು ಒಲೆಯ ಹಿಂದಿನ ಕಥೆಯನ್ನೂ, ಶಾಸ್ತ್ರದ ಮಾತನ್ನೂ, ಸೌದೆಯ ಲೆಕ್ಕವನ್ನೂ ಸ್ವಲ್ಪ ನೋಡಬೇಕು.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಕಾಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕುಗಳಿಗಾಗಿಯೇ ಯೋಜಿಸಿದ ಬಡಾವಣೆಗಳಿವು. ಆದರೂ ಆ ಗಾಳಿಯ ಮನೆಗಳ ಒಳಗೆ ಅಡುಗೆಮನೆಯ ಗೋಡೆ ಮಾತ್ರ ಕಪ್ಪಾಗಿಯೇ ಇತ್ತು. ಮಣ್ಣಿನ ಒಲೆ, ಅದರ ಪಕ್ಕಕ್ಕೆ ಕೋಡೊಲೆ, ಕೈಗೆಟುಕುವಂತೆ ಊದುಕೊಳವೆ; ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ತೆಂಗಿನ ಸೋಗೆ, ಮಟ್ಟೆ, ಕರಟ. ಬಡಾವಣೆಗಳಲ್ಲಿ ಸೌದೆ ಡಿಪೋಗಳಿದ್ದವು; ತೂಕ ಹಾಕಿಸಿ ಗಾಡಿಯಲ್ಲಿ ತಂದ ಕೊರಡುಗಳನ್ನು ಮನೆಯ ಮುಂದೆಯೇ ಒಡೆಸುತ್ತಿದ್ದರು. ಮರ ಕೊಯ್ಯುವ ಕಾರ್ಖಾನೆಯ ಹೊಟ್ಟನ್ನು ಗಟ್ಟಿಯಾಗಿ ತುಂಬಿ ಉರಿಸುವ ಒಲೆಗಳೂ ಇದ್ದವು. ಅನಂತರ ಸೀಮೆಎಣ್ಣೆಯ ಸ್ಟೌ ಬಂತು. ಬಳಿಕ ಅನಿಲದ ಸಿಲಿಂಡರು. ಹಂಡೆಯ ಸ್ಥಾನವನ್ನು ವಿದ್ಯುತ್ತಿನ ಗೀಸರೂ ಮಾಳಿಗೆಯ ಮೇಲಿನ ಸೌರ ಜಲತಾಪಕವೂ ಹಿಡಿದವು. ಒಲೆ ಮನೆಯಿಂದ ಹೊರಬಿದ್ದದ್ದು ಧರ್ಮವಿಚಾರದಿಂದಲ್ಲ, ಅನುಕೂಲದಿಂದ. ಆದುದರಿಂದ ಅದು ಹಿಂತಿರುಗಿ ಬರುವಾಗಲಾದರೂ ಧರ್ಮವಿಚಾರ ನಡೆಯುವುದು ಯುಕ್ತ.

ಅಗ್ನಿಯನ್ನು ಜಿನಾಗಮವು ಏಕೇಂದ್ರಿಯ ಜೀವಿಗಳ ಶರೀರವೆಂದು ಹೇಳುತ್ತದೆ. ಪೃಥ್ವಿ, ಜಲ, ವಾಯು, ವನಸ್ಪತಿಗಳ ಜೊತೆಯಲ್ಲಿ ತೇಜಸ್ಕಾಯವೂ ಸ್ಥಾವರಜೀವವೇ. ಗೃಹಸ್ಥನು ಸ್ಥಾವರಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾರ. ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಬಿಡುವುದು ಅವನ ವ್ರತ, ಆರಂಭದಲ್ಲಿ ಒದಗುವ ಹಿಂಸೆಯನ್ನು ಕಡಿಮೆ ಮಾಡುತ್ತ ಬರುವುದು ಅವನ ಸಾಧನೆ. ಆದರೆ ಈ ರಿಯಾಯಿತಿಗೆ ಒಂದು ಗಡಿಯುಂಟು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನೆಲವನ್ನು ಕೆದಕುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಮರ ಕಡಿಯುವುದು ಇವೆಲ್ಲ ನಿಷ್ಫಲವಾಗಿ ನಡೆದಾಗ ಪ್ರಮಾದಚರ್ಯೆಯಾಗುತ್ತವೆಂದು ಎಣಿಸಿದ್ದಾರೆ. ಇಲ್ಲಿ ತೂಕವೆಲ್ಲ ನಿಷ್ಫಲವೆಂಬ ವಿಶೇಷಣದ ಮೇಲಿದೆ. ಬೆಂಕಿ ಹೊತ್ತಿಸಿದನೇ ಎಂಬುದಕ್ಕಿಂತ, ಎಷ್ಟು ಬೇಕಿತ್ತು, ಎಷ್ಟು ಹೊತ್ತಿಸಿದ ಎಂಬುದು ಪ್ರಶ್ನೆ. ಸೌದೆಯ ಒಲೆಯಲ್ಲಿ ಈ ಐದೂ ಒಂದೆಡೆ ಸೇರುತ್ತವೆ: ಮರವು ವನಸ್ಪತಿ, ಉರಿಯು ಅಗ್ನಿ, ಊದಿದ್ದು ವಾಯು, ಕೆಂಡಕ್ಕೆ ಎರಚಿದ್ದು ಜಲ, ಬಿಸಿ ಬೂದಿ ಬಿದ್ದದ್ದು ಪೃಥ್ವಿ.

ಶ್ವೇತಾಂಬರ ಆಗಮಗಳಲ್ಲಿ ಒಂದಾದ ಭಗವತೀಸೂತ್ರದ ಏಳನೆಯ ಶತಕದಲ್ಲಿ ಇದೇ ವಿಷಯದ ಸಂವಾದವೊಂದಿದೆ. ಒಬ್ಬನು ಬೆಂಕಿಯನ್ನು ಹೊತ್ತಿಸುತ್ತಾನೆ, ಮತ್ತೊಬ್ಬನು ಅದನ್ನು ನಂದಿಸುತ್ತಾನೆ. ಇವರಲ್ಲಿ ಯಾರಿಗೆ ಕರ್ಮಬಂಧ ಹೆಚ್ಚು ಎಂದು ಕಾಲೋದಾಯಿಯು ಭಗವಾನ್ ಮಹಾವೀರರನ್ನು ಕೇಳುತ್ತಾನೆ. ನಂದಿಸುವವನು ಅಗ್ನಿಕಾಯದ ಜೀವಗಳನ್ನು ಹೆಚ್ಚಾಗಿ ನಾಶಮಾಡುತ್ತಾನೆ, ನಿಜ. ಆದರೆ ಹೊತ್ತಿಸುವವನಿಂದ ಉಳಿದ ಸ್ಥಾವರಗಳಿಗೂ ತ್ರಸಜೀವಗಳಿಗೂ ಆಗುವ ಹಾನಿ ಅಧಿಕವಾದ್ದರಿಂದ ಅವನ ಬಂಧವೇ ಹೆಚ್ಚು ಎಂಬುದು ಉತ್ತರದ ಸಾರ. ಒಂದು ಬಗೆಯ ಜೀವವನ್ನು ಮಾತ್ರ ಎಣಿಸಿ ತೀರ್ಪು ಕೊಡಬಾರದು, ಒಟ್ಟು ಹಾನಿಯನ್ನು ನೋಡಬೇಕು ಎಂಬ ದೊಡ್ಡ ನ್ಯಾಯ ಇದರಲ್ಲಿದೆ. ಈ ನ್ಯಾಯ ಎರಡೂ ಸಂಪ್ರದಾಯದವರಿಗೆ ಉಪಯುಕ್ತ. ಸೌದೆ ಶುದ್ಧವೋ ಅನಿಲ ಶುದ್ಧವೋ ಎಂಬ ವಾದವು ಬಹುಮಟ್ಟಿಗೆ ಒಂದೇ ಬಾಬನ್ನು ನೋಡಿ ಲೆಕ್ಕ ಮುಗಿಸಿದಂತೆ ಇರುತ್ತದೆ. ಖಾತೆಯ ಎಲ್ಲ ಪುಟಗಳನ್ನೂ ತಿರುವಿ ನೋಡಿದರೇನೇ ಶಿಲ್ಕು ತಿಳಿಯುವುದು.

ಮೊದಲು ತೂಕದ ಲೆಕ್ಕ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಕಿಲೋ ಒಂದಕ್ಕೆ ಸುಮಾರು 10,900 ಕಿಲೋಕ್ಯಾಲೊರಿಯಂತೆ ಹಿಡಿದು, ಒಲೆಯಲ್ಲಿ ನೂರಕ್ಕೆ 60 ಪಾಲು ಪಾತ್ರೆಗೆ ಮುಟ್ಟುತ್ತದೆಂದರೆ, ಒಂದು ಸಿಲಿಂಡರಿನಿಂದ ಅಡುಗೆಗೆ ದಕ್ಕುವ ಶಾಖ ಅಜಮಾಸು 93,000 ಕಿಲೋಕ್ಯಾಲೊರಿ. ಚೆನ್ನಾಗಿ ಒಣಗಿದ ಸೌದೆಯಲ್ಲಿ ಕಿಲೋಗೆ ಸುಮಾರು 3,600 ಕಿಲೋಕ್ಯಾಲೊರಿ ಇದೆ. ಆದರೆ ಹಳೆಯ ಬಗೆಯ ತೆರೆದ ಒಲೆಯಲ್ಲಿ ನೂರಕ್ಕೆ 10ರ ಸುಮಾರು ಮಾತ್ರ ಪಾತ್ರೆಗೆ ಸೇರುತ್ತದೆ. ಹಾಗಾದರೆ ಒಂದು ಸಿಲಿಂಡರಿನ ಕೆಲಸಕ್ಕೆ ಬೇಕಾಗುವ ಸೌದೆ ಹತ್ತಿರ ಹತ್ತಿರ 260 ಕಿಲೋ. ನೂರಕ್ಕೆ 30 ಪಾಲು ದಕ್ಕಿಸುವ ಒಳ್ಳೆಯ ಒಲೆಯಾದರೆ 86 ಕಿಲೋ ಸಾಕು. ಅಂದರೆ ಹಳೆಯ ಒಲೆಯಲ್ಲಿ ಉರಿಸಿದ ಸೌದೆಯ ಮೂರರಲ್ಲಿ ಎರಡು ಪಾಲು ಅನ್ನವನ್ನೂ ಬೇಯಿಸಲಿಲ್ಲ, ಯಾರ ಹಸಿವನ್ನೂ ತಣಿಸಲಿಲ್ಲ. ಗೋಡೆಯನ್ನೂ ಗಾಳಿಯನ್ನೂ ಕಾಯಿಸಿ ಹೋಯಿತು. ಸಮಂತಭದ್ರರ ನಿಷ್ಫಲವೆಂಬ ಶಬ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು.

ಇನ್ನು ಅನಿಲದ ಖಾತೆ. ಅದರಲ್ಲಿ ಹಿಂಸೆಯಿಲ್ಲವೆಂದು ತಿಳಿಯುವುದೂ ತಪ್ಪು. ಭೂಗರ್ಭವನ್ನು ಕೊರೆದು, ತೈಲಾಗಾರದಲ್ಲಿ ಶೋಧಿಸಿ, ಸಮುದ್ರ ದಾಟಿಸಿ ತಂದ ಇಂಧನವದು; ಈ ದೇಶದಲ್ಲಿ ಬಳಕೆಯಾಗುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದಲೇ ಬರುತ್ತದೆ. ವಿದ್ಯುತ್ತಿನ ಒಲೆಯೂ ಹಾಗೆಯೇ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತದೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದಾಗ ಕಾಡೂ ಊರುಗಳೂ ಮುಳುಗಿದವು. ಬೆಂಗಳೂರಿನ ಅಡುಗೆಮನೆಯಲ್ಲಿ ಹೊಗೆ ಕಾಣದಿರುವುದು ಹೊಗೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅದನ್ನು ಬೇರೆಲ್ಲೋ ಬರೆದಿಡಲಾಗಿದೆ, ಅಷ್ಟೆ. ಈ ಒಂದು ವಿಷಯದಲ್ಲಿ ಸೌದೆಯ ಪರವಾಗಿ ಮಾತನಾಡುವ ಹಿರಿಯರ ಮಾತು ಸತ್ಯ. ಸೌದೆಯನ್ನು ಹೊತ್ತು ತರಬೇಕು, ಒಡೆಯಬೇಕು, ಒಣಗಿಸಬೇಕು. ಕೈಗೆ ಅದರ ಭಾರ ತಿಳಿಯುತ್ತದೆ. ಗುಂಡಿ ತಿರುಗಿಸಿದರೆ ಉರಿಯುವ ಬೆಂಕಿಯ ಭಾರ ಯಾರಿಗೂ ತಿಳಿಯುವುದಿಲ್ಲ. ಹಾಲನ್ನು ಉಕ್ಕಲು ಬಿಟ್ಟು ದೂರವಾಣಿಯಲ್ಲಿ ಮಾತನಾಡುವವರ ಮನೆಯಲ್ಲಿ ಅನಿಲದ ಒಲೆಯೂ ಅನರ್ಥದಂಡದ ಸ್ಥಾನವೇ.

ಮೂರನೆಯದು ಕೊರಡಿನೊಳಗಿನ ಜೀವದ ಲೆಕ್ಕ. ಇದಕ್ಕೆ ಜೈನರು ದೂರ ಹೋಗಬೇಕಾಗಿಲ್ಲ. ಭಗವಾನ್ ಪಾರ್ಶ್ವನಾಥರ ಕುಮಾರಕಾಲದ ಪ್ರಸಂಗವೇ ಸಾಕು. ಕನ್ನಡ ನಾಡಿನ ಬಂಕಾಪುರದೊಡನೆ ಸಂಬಂಧವಿರುವ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ, ಪಂಚಾಗ್ನಿಯ ನಡುವೆ ತಪಸ್ಸು ಮಾಡುತ್ತಿದ್ದ ತಾಪಸನು ಬೆಂಕಿಗಾಗಿ ಕೊರಡನ್ನು ಕಡಿಯಹೊರಡುತ್ತಾನೆ. ಒಳಗೆ ಜೀವವಿದೆ, ಕಡಿಯಬೇಡವೆಂದು ಪಾರ್ಶ್ವಕುಮಾರನು ತಡೆಯುತ್ತಾನೆ. ತಾಪಸನು ಕೇಳದೆ ಕೊಡಲಿ ಎತ್ತುತ್ತಾನೆ, ಸರ್ಪದಂಪತಿಗಳು ತುಂಡಾಗುತ್ತವೆ. ಶ್ವೇತಾಂಬರ ಕಥನದಲ್ಲಿ ಕೊರಡು ಆಗಲೇ ಉರಿಯುತ್ತಿರುತ್ತದೆ. ಅದನ್ನು ಹೊರಗೆಳೆಸಿ ಸೀಳಿಸಿದಾಗ ಅರ್ಧ ಬೆಂದ ಸರ್ಪವು ಕಾಣುತ್ತದೆ. ಹೊಂಬುಜದಲ್ಲಿ ಪದ್ಮಾವತೀದೇವಿಯ ದರ್ಶನ ಮಾಡಿ ಬರುವ ಕುಟುಂಬಗಳಿಗೆ ಧರಣೇಂದ್ರ-ಪದ್ಮಾವತಿಯರ ಈ ಕಥೆ ಬಾಯಿಪಾಠ. ಆದರೆ ಕಥೆಯ ಒಂದು ಅಂಶವನ್ನು ಅಷ್ಟಾಗಿ ಗಮನಿಸುವುದಿಲ್ಲ. ತಾಪಸನು ಕ್ರೂರಿಯಾಗಿ ಅಲ್ಲಿ ಕುಳಿತಿರಲಿಲ್ಲ. ಆ ಬೆಂಕಿಯನ್ನು ಅವನು ಪವಿತ್ರವೆಂದೇ ನಂಬಿದ್ದ. ಅವನ ದೋಷ ಕೊರಡಿನೊಳಗೆ ನೋಡದಿದ್ದುದು. ನೋಡೆಂದು ಹೇಳಿದವರ ಮಾತನ್ನು, ಅವನು ಚಿಕ್ಕವನೆಂಬ ಕಾರಣಕ್ಕೆ, ಕೇಳದಿದ್ದುದು. ಶುದ್ಧಿಗಾಗಿ ಸೌದೆಯ ಒಲೆ ಹಾಕಿಸುವ ಮನೆಯು ಈ ಪ್ರಸಂಗವನ್ನು ಒಲೆಯ ಮೇಲಿನ ಗೋಡೆಯಲ್ಲಿ ಬರೆಸಿಕೊಳ್ಳಬೇಕು.

ಅದರಲ್ಲಿಯೂ ಚಾತುರ್ಮಾಸದ ಆಹಾರಕ್ಕೆಂದು ಸೌದೆಯನ್ನು ಬಯಸುವವರು ಕಾಲವನ್ನು ನೋಡಬೇಕು. ಮುನಿಗಳು ಒಂದೇ ಕಡೆ ನಿಲ್ಲುವುದು ಮಳೆಗಾಲದಲ್ಲಿ ಜೀವೋತ್ಪತ್ತಿ ಅಧಿಕವೆಂಬ ಕಾರಣದಿಂದ. ಅದೇ ನಾಲ್ಕು ತಿಂಗಳು ಸೌದೆಯು ತೇವ ಹೀರುವ ಕಾಲ. ತೊಗಟೆಯ ಸಂದಿನಲ್ಲಿ ಇರುವೆ, ಗೆದ್ದಲು, ಕೊರೆಹುಳುಗಳು ನೆಲೆಯೂರುವ ಕಾಲ. ಆಗ ತಾನೇ ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗಿ ಹೋಗುವವರೆಗೆ ಶಾಖವೆಲ್ಲ ಅದಕ್ಕೇ ವ್ಯಯ. ಉರಿ ಏಳದೆ ಹೊಗೆಯೇ ಏಳುತ್ತದೆ. ಯಾವ ಕಾಲದಲ್ಲಿ ಹೆಜ್ಜೆಯಿಡುವುದಕ್ಕೂ ಮುನಿಗಳು ಅಂಜುತ್ತಾರೋ ಆ ಕಾಲದಲ್ಲಿ ಅವರ ಹೆಸರಿನಲ್ಲಿಯೇ ಹುಳುಬಿದ್ದ ಸೌದೆ ಉರಿಸಿದರೆ ಅದನ್ನು ಶುದ್ಧಿಯೆನ್ನುವುದು ಕಷ್ಟ.

ನಾಲ್ಕನೆಯದು ಸೊಸೆಯ ಪ್ರಶ್ನೆಗೆ ಸೇರಿದ ಲೆಕ್ಕ, ಒಲೆಯ ಮುಂದೆ ಕೂರುವವರದು. ಹೊಗೆಯಿಂದ ಕಣ್ಣುರಿಯುತ್ತದೆಂಬುದು ಹಿಂದಿನವರಿಗೂ ಗೊತ್ತಿತ್ತು. ಉರಿಯುವುದು ಕಣ್ಣು ಮಾತ್ರವಲ್ಲವೆಂಬುದು ಈಚಿನ ತಿಳಿವು. ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಸಂಗಡಿಗರೊಡನೆ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನು ಅಳೆದು 1983ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದ ಮೊದಲ ಕೆಲಸಗಳಲ್ಲಿ ಒಂದು. ಸೌದೆ, ಬೆರಣಿಗಳ ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ದೀರ್ಘಕಾಲದ ಶ್ವಾಸರೋಗ, ಹೃದ್ರೋಗ, ಪಾರ್ಶ್ವವಾಯು, ಮಕ್ಕಳಲ್ಲಿ ನ್ಯುಮೋನಿಯಾಗಳಿಗೆ ಕಾರಣವಾಗುತ್ತವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮರಣಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಏಕೇಂದ್ರಿಯ ಜೀವದ ವಿಚಾರದಲ್ಲಿ ಸೂಕ್ಷ್ಮವಾಗಿ ಚರ್ಚಿಸುವವರು, ಒಲೆಯ ಮುಂದೆ ಕೆಮ್ಮುತ್ತ ಕುಳಿತ ಪಂಚೇಂದ್ರಿಯ ಜೀವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಎಂಥ ಅಹಿಂಸೆ?

ಹೊಗೆಯು ಕೊಳವೆಯ ಮೂಲಕ ಹೊರಗೆ ಹೋಗುತ್ತದಲ್ಲ ಎಂದು ಸಮಾಧಾನ ಹೇಳಬಹುದು. ಹೊರಗೆ ಎಂದರೆ ಎಲ್ಲಿಗೆ? ಒಂದು ಕಾಲದಲ್ಲಿ ಹಿತ್ತಿಲು, ತೆಂಗಿನ ಮರ, ಹಿಂದಿನ ಓಣಿ ಇದ್ದ ಸ್ಥಳದಲ್ಲಿ ಈಗ ಪಕ್ಕದ ಮನೆಯ ಮೂರನೆಯ ಮಹಡಿಯ ಕಿಟಕಿಯಿದೆ. ಅಲ್ಲಿ ಮಗು ಮಲಗಿರಬಹುದು, ಉಬ್ಬಸದ ವೃದ್ಧರಿರಬಹುದು. ಚಳಿದೇಶವಾದ ಕೆನಡಾದಲ್ಲಿ, ಮನೆ ಬೆಚ್ಚಗಿಡಲು ಸೌದೆಯೇ ಬೇಕಾಗಿದ್ದ ಮಾಂಟ್ರಿಯಲ್ ನಗರದಲ್ಲಿ ಕೂಡ, 2018ರ ಅಕ್ಟೋಬರಿನಿಂದ ಗಂಟೆಗೆ 2.5 ಗ್ರಾಂಗಿಂತ ಹೆಚ್ಚು ಸೂಕ್ಷ್ಮ ಕಣ ಹೊರಬಿಡುವ ಒಲೆಗಳನ್ನು ಸಾಮಾನ್ಯ ದಿನಗಳಲ್ಲಿ ಉರಿಸಕೂಡದೆಂದು ನಿಯಮವಾಗಿದೆ. ಕಾನೂನು ಅಲ್ಲಿ ಹೇಳಿದ್ದನ್ನು ಅಣುವ್ರತವು ಇಲ್ಲಿ ಹೇಳಲಾರದೆ?

ಹಾಗಾದರೆ ಸೌದೆಯ ಒಲೆಗೆ ಸುಧಾರಣೆಯೇ ಇಲ್ಲವೆ? ಇದೆ, ಅದು ಬೆಂಗಳೂರಿನಲ್ಲಿಯೇ ಹುಟ್ಟಿದೆ. ಮಲ್ಲೇಶ್ವರದ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗಳ ಅಗತ್ಯಕ್ಕೆ ಅನ್ವಯಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣ ಕೇಂದ್ರವಿತ್ತು. ಅಲ್ಲಿನ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ರೂಪಿಸಿದ ಮೂರು ಪಾತ್ರೆಗಳ ಒಲೆ ‘ಅಸ್ತ್ರ ಒಲೆ’ಯೆಂದು ಹೆಸರಾಯಿತು. ಅದರ ಮರ್ಮ ಸರಳ. ಸೌದೆಯು ನೆಲದ ಮೇಲಲ್ಲದೆ ಕಬ್ಬಿಣದ ಜಾಲಿಯ ಮೇಲೆ ಉರಿಯುತ್ತದೆ. ಗಾಳಿಯು ಕೆಳಗಿನಿಂದ ಬೇಕಾದಷ್ಟೇ ಬರುತ್ತದೆ. ಸೌದೆ ಹಾಕುವ ಬಾಯಿಗೆ ಮುಚ್ಚಳವಿರುತ್ತದೆ. ಪಾತ್ರೆಗಳು ಒಲೆಯ ಬಾಯಿಗೆ ಸರಿಯಾಗಿ ಕೂರುವುದರಿಂದ ಸಂದಿಯಲ್ಲಿ ಹೊಗೆ ಬರುವುದಿಲ್ಲ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿಗಾಳಿ ಎರಡನೆಯ, ಮೂರನೆಯ ಪಾತ್ರೆಗಳ ಅಡಿಯಲ್ಲಿ ಸಾಗಿ ಕೊನೆಗೆ ಹೊಗೆಕೊಳವೆಯನ್ನು ಸೇರುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಇದರ ದಕ್ಷತೆ ನೂರಕ್ಕೆ 40ನ್ನು ಮೀರಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಇದನ್ನು ಹಳ್ಳಿಗಳಲ್ಲಿ ಪ್ರಚಾರ ಮಾಡಿತು.

ಆದರೆ ಒಲೆಯನ್ನು ಕಟ್ಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ದೇಶದಾದ್ಯಂತ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಮೊದಲಾಯಿತು. ಹಾಕಿಸಿದ ಒಲೆಗಳಲ್ಲಿ ಎಷ್ಟೋ ಕೊಳವೆ ಒಡೆದು, ಮಸಿ ಕಟ್ಟಿ, ಜಾಲಿ ಸವೆದು ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿದ್ದವು. ಒಲೆಗೂ ನಿತ್ಯದ ಪ್ರತಿಲೇಖನ ಬೇಕು. ವ್ರತವನ್ನು ತೆಗೆದುಕೊಳ್ಳುವುದು ಒಂದು ದಿನದ ಕೆಲಸ, ಪಾಲಿಸುವುದು ದಿನದಿನದ ಕೆಲಸ. ಒಲೆಯ ವಿಷಯವೂ ಹಾಗೆಯೇ.

ಈ ಎಲ್ಲ ಪುಟಗಳನ್ನು ನೋಡಿದ ಮೇಲೆ ಶಿಲ್ಕು ಹೀಗೆ ಬರುತ್ತದೆ. ಅನಿಲ ಅಥವಾ ವಿದ್ಯುತ್ತಿನ ಸೌಕರ್ಯವಿರುವ ನಗರದ ಮನೆಯಲ್ಲಿ ನಿತ್ಯದ ಅಡುಗೆಗಾಗಿ ಸೌದೆಯ ಒಲೆಯನ್ನು ಹೊಸದಾಗಿ ಹಾಕಿಸುವುದಕ್ಕೆ ಶುದ್ಧಿಯ ಕಾರಣವನ್ನು ಮುಂದೊಡ್ಡುವುದು ಸರಿಯಲ್ಲ. ಸ್ನಾನದ ನೀರಿಗಂತೂ, ಸೂರ್ಯನೇ ಮಾಳಿಗೆಯ ಮೇಲೆ ಕಾಯಿಸಿಕೊಡುವಾಗ, ಹಂಡೆಯ ಕೆಳಗೆ ಉರಿಸುವ ಸೌದೆ ನಿಷ್ಫಲವೇ ಸರಿ. ವರ್ಷದಲ್ಲಿ ಕೆಲವು ದಿನ ತ್ಯಾಗಿಗಳ ಆಹಾರಕ್ಕಾಗಿ, ಗುರುಗಳ ಅಭಿಪ್ರಾಯವನ್ನು ವಿನಯದಿಂದ ಕೇಳಿ ತಿಳಿದು, ಸೌದೆಯೇ ಬೇಕೆಂದಾದರೆ, ಯತ್ನಾಚಾರದ ನಿಯಮಗಳು ಅದರೊಡನೆ ಬರಬೇಕು.

ಹಸಿಮರವನ್ನು ಅದಕ್ಕಾಗಿ ಕಡಿಸಬಾರದು. ನಗರದಲ್ಲಿ ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಮತಿಯೂ ಬೇಕು. ಬಿದ್ದ ಕೊಂಬೆ, ತೆಂಗಿನ ಮಟ್ಟೆ, ಕರಟಗಳು ಲೇಸು. ಬೇಸಿಗೆಯಲ್ಲಿಯೇ ಸಂಗ್ರಹಿಸಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ, ಮಳೆ ಹೊಡೆಯದ ಕಡೆ ಇಡಬೇಕು. ಪ್ರತಿಯೊಂದು ತುಂಡನ್ನೂ ಹಗಲ ಬೆಳಕಿನಲ್ಲಿ ಕೊಡವಿ ನೋಡಬೇಕು. ಟೊಳ್ಳಾದುದನ್ನು, ತೂತಿರುವುದನ್ನು, ಇರುವೆ ಗೆದ್ದಲು ಕಂಡುದನ್ನು ಬೇರೆಯಿರಿಸಿ ಮರದ ಬುಡದಲ್ಲಿ ಬಿಡಬೇಕು. ಹೊತ್ತಿಸುವ ಮುನ್ನ ಒಲೆಯನ್ನು ಮೃದುವಾದ ಪೊರಕೆಯಿಂದ ಗುಡಿಸಬೇಕು. ಒಲೆಯಲ್ಲಿ ಬೆಕ್ಕು ಮಲಗಿದೆಯೆಂಬುದು ಬಡತನದ ನುಡಿ ಮಾತ್ರವಲ್ಲ, ನಿಜವಾಗಿಯೂ ನಡೆಯುವ ಸಂಗತಿ. ಬೆಚ್ಚಗಿನ ಬೂದಿಯನ್ನು ಅರಸಿ ಬರುವ ಜೀವಗಳು ಹಲವು. ಸೂರ್ಯಾಸ್ತದ ಬಳಿಕ ಬೆಂಕಿಯಿರಬಾರದು. ಬೆಳಕಿಗೆ ಬರುವ ಹುಳುಗಳ ಗತಿ ಎಲ್ಲರಿಗೂ ತಿಳಿದದ್ದೇ. ಅಡುಗೆ ಮುಗಿಯುವ ಹೊತ್ತಿಗೆ ತಾನೇ ಆರುವಷ್ಟು ಸೌದೆಯನ್ನು ಅಳೆದು ಹಾಕಿದರೆ ಕೆಂಡಕ್ಕೆ ನೀರೆರಚುವ ಪ್ರಸಂಗ ಬಾರದು. ಬೂದಿ ಪೂರ್ತಿ ತಣಿದ ಮೇಲೆಯೇ ಗಿಡಕ್ಕೆ ಹಾಕಬೇಕು. ಹೊಗೆಕೊಳವೆ ನೆರೆಮನೆಯ ಕಿಟಕಿಗಿಂತ ಎತ್ತರಕ್ಕಿರಬೇಕು. ಅದಕ್ಕೂ ಮೊದಲು ನೆರೆಯವರನ್ನು ಕೇಳಬೇಕು. ಇಷ್ಟನ್ನೂ ಮಾಡಲು ಬಿಡುವಿಲ್ಲವೆನ್ನುವ ಮನೆಗೆ ಸೌದೆಯ ಒಲೆ ತಕ್ಕುದಲ್ಲ.

ಕೂರುವವರು ಯಾರೆಂಬ ಪ್ರಶ್ನೆಗೆ ಸುಲಭವಾದ ಒಂದು ಉತ್ತರವುಂಟು: ಕೆಲಸದವಳನ್ನು ಇಟ್ಟುಕೊಂಡರಾಯಿತು. ಎಚ್ಚರಿಕೆ ಬೇಕಾದದ್ದು ಇಲ್ಲಿಯೇ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡುವುದು ಎಂದು ಹಿಂಸೆ ಮೂರು ಬಗೆ; ಕೃತ, ಕಾರಿತ, ಅನುಮೋದಿತಗಳಲ್ಲಿ ಕೂಲಿ ಕೊಟ್ಟು ಬಿಡಿಸಿಕೊಳ್ಳಬಹುದಾದದ್ದು ಯಾವುದೂ ಇಲ್ಲ. ಒಬ್ಬನು ಮಾಡಿದ ಹಿಂಸೆಯ ಫಲಕ್ಕೆ ಅನೇಕರು ಭಾಗಿಗಳಾಗುವುದುಂಟೆಂಬ ವಿಚಾರವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿದ್ದಾರೆ. ಹೊಗೆಯನ್ನು ಕುಡಿದವಳು ಒಬ್ಬಳು, ಉಂಡವರು ಹತ್ತು ಜನ. ಅವಳ ಕೆಮ್ಮು ಹತ್ತು ಎಲೆಗಳಿಗೂ ಬಡಿಸಲ್ಪಟ್ಟಿದೆ. ಬಸದಿಗಳ ವಿಶ್ವಸ್ಥ ಮಂಡಳಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪೂಜೋತ್ಸವಗಳಲ್ಲಿ ನೂರಾರು ಜನರ ಊಟಕ್ಕೆ ತಗಡಿನ ಮಾಡಿನ ಕೆಳಗೆ ದೊಡ್ಡ ಒಲೆಗಳನ್ನು ಹೂಡುವಾಗ, ಮಂಟಪಕ್ಕೆ ಆಗುವ ಖರ್ಚಿನಲ್ಲಿ ಒಂದು ಪಾಲನ್ನು ಹೊಗೆಕೊಳವೆಗೂ ಅಡುಗೆಯವರ ಆರೋಗ್ಯಕ್ಕೂ ಮೀಸಲಿಟ್ಟರೆ ಅದೂ ಧರ್ಮಪ್ರಭಾವನೆಯೇ.

ಇನ್ನೊಂದು ಮಾತು. ಈ ನಗರದಲ್ಲಿಯೇ ಬೇರೆ ದಾರಿಯಿಲ್ಲದೆ ಸೌದೆ ಉರಿಸುವ ಮನೆಗಳಿವೆ. ಕಟ್ಟಡದ ಕೆಲಸದವರು ಮೂರು ಕಲ್ಲು ಹೂಡಿ, ಸಿಕ್ಕಿದ ಚಕ್ಕೆ ಚೂರು ಆಯ್ದು ಅಡುಗೆ ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಅವರ ಹೊಗೆಗೆ ಮೂಗು ಮುಚ್ಚಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. 2016ರ ಉಜ್ವಲಾ ಯೋಜನೆಯಿಂದ ಬಡಕುಟುಂಬಗಳಿಗೆ ಅನಿಲದ ಸಂಪರ್ಕ ದೊರೆಯಿತು. ಆದರೆ ಖಾಲಿಯಾದ ಸಿಲಿಂಡರನ್ನು ಮತ್ತೆ ತುಂಬಿಸಲು ಹಣವಿಲ್ಲದೆ ಒಲೆಗೆ ಹಿಂತಿರುಗುವವರಿದ್ದಾರೆ. ಸೌದೆಯ ಒಲೆ ಹಾಕಿಸಲು ತೆಗೆದಿರಿಸಿದ ಹಣದಲ್ಲಿ ಮನೆಗೆಲಸಕ್ಕೆ ಬರುವ ತಾಯಿಯ ಮನೆಯ ಸಿಲಿಂಡರನ್ನು ವರ್ಷವಿಡೀ ತುಂಬಿಸಿಕೊಟ್ಟರೆ, ಒಂದು ಜೊತೆ ಶ್ವಾಸಕೋಶಕ್ಕೆ ಅಭಯದಾನ ಕೊಟ್ಟಂತಾಗುತ್ತದೆ.

ಪಂಚಸೂನಗಳ ಮಾತು ರತ್ನಕರಂಡಕದಲ್ಲಿ ಬರುವುದು ದಾನದ ಪ್ರಕರಣದಲ್ಲಿ ಎಂಬುದನ್ನು ಸಹೃದಯರು ಗಮನಿಸಬೇಕು. ಗೃಹಕೃತ್ಯದಿಂದ ಕೂಡಿದ ಕರ್ಮವನ್ನು ಸತ್ಪಾತ್ರದಾನವು ತೊಳೆಯುತ್ತದೆಂಬ ಆಶ್ವಾಸನೆ ಅಲ್ಲಿಯೇ ಇದೆ. ಮುನಿಗಳನ್ನು ಪಡಿಗಾಹಿಸಿ ಒಳಗೆ ಕರೆತಂದ ಶ್ರಾವಕನು ಆಹಾರ ನೀಡುವ ಮೊದಲು ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಶುದ್ಧಿಗಳನ್ನು ಬಾಯಿಬಿಟ್ಟು ಹೇಳಬೇಕು. ಆ ನಾಲ್ಕು ಮಾತುಗಳನ್ನು ಹೇಳುವಾಗ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ಅಲ್ಲಿ ಕಣ್ಣೊರೆಸಿಕೊಳ್ಳುತ್ತ ಯಾರೂ ನಿಂತಿಲ್ಲವಾದರೆ, ಬೆಂಕಿ ಸೌದೆಯದಾಗಿರಲಿ ಅನಿಲದ್ದಾಗಿರಲಿ, ಶ್ರಾವಕನ ಮಾತು ನಿಜವಾಗುತ್ತದೆ.